ಭಾವನ ಹೊಸ ಬಾಡಿ

(ಗುಬ್ಬಿಯ ಒಂದು ಫೋಟೋ ಸ್ಟುಡಿಯೋ. ಮಾಲೀಕ ಭಾವ, ಕುಣಿಗಲ್‌ನಿಂದ ಬಂದಿರುವ ಬಾಮೈದ.)

ಭಾವ: ನಾಳೆ ತುಮಕೂರಿಗೆ ಹೋಗಿ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಬಾಡಿ ತಂದುಬಿಡ್ತೀನಿ ಕಣೋ. ಈ ಸಣ್ಣ ಸೆನ್ಸರಿನ ಹಳೇ ಕ್ಯಾಮೆರಾ ಹಿಡ್ಕಂಡು ಛತ್ರಕ್ಕೆ ಹೋದ್ರೆ ಹೆಣ್ಣಿನ ಕಡೆಯೋರು ಕಾಫಿನೂ ಕೇಳಲ್ಲ.

ಬಾಮೈದ: 24 ಮೆಗಾಪಿಕ್ಸೆಲ್ ಐತಲ್ಲ ಭಾವ?

ಭಾವ: ಮಬ್ಬು ಬೆಳಕಲ್ಲಿ ಐಎಸ್ಒ ಏರಿಸಿದ್ರೆ ಹೆಣ್ಣಿನ ಮುಖದ ತುಂಬ ಕಾಳುಕಾಳು.

ಬಾಮೈದ: ಲೆನ್ಸು?

ಭಾವ: ಡಬ್ಬದ ಜೊತೆ ಬಂದಿದ್ದೇ, 18-55.

ಬಾಮೈದ: ಅದು 55ರಲ್ಲಿ ಎಫ್ 5.6. 50 ಎಂಎಂ ಎಫ್ 1.8 ಹಾಕಿ, ಸುಮಾರು 10 ಪಟ್ಟು ಬೆಳಕು ಬತ್ತದೆ.

ಭಾವ: ಅದು ಗೇಣುದ್ದಾನೂ ಇಲ್ಲ. ಯಾರ ಕಣ್ಣಿಗೆ ಬೀಳ್ತದೆ?

ಬಾಮೈದ: ಕಾಣಬೇಕಾದ್ದು ಫೋಟೋನೋ, ಕ್ಯಾಮೆರಾನೋ?

ಭಾವ: ಅಡ್ವಾನ್ಸ್ ಕೊಡುವಾಗ ಕ್ಯಾಮೆರಾ!

ಬಾಮೈದ: ನಮ್ಮ ಕುಣಿಗಲ್‌ನಲ್ಲಿ ಕುದುರೆ ನೋಡಿ ಬೆಲೆ ಕಟ್ತಾರೆ, ಜೀನು ನೋಡಿ ಅಲ್ಲ. ಹೊಸ ಬಾಡಿಗೆ ಲೆನ್ಸ್ ಯಾವುದು?

ಭಾವ: ಹಳೇದೇ. ಅಡಾಪ್ಟರ್ ಹಾಕಿದ್ರೆ ಕೂರ್ತದಂತೆ.

ಬಾಮೈದ: ಕೂರ್ತದೆ. ಆದ್ರೆ ಸಣ್ಣ ಸೆನ್ಸರಿನ ಲೆನ್ಸು ದೊಡ್ಡ ಸೆನ್ಸರನ್ನ ಪೂರ್ತಿ ತುಂಬಲ್ಲ. ಕ್ಯಾಮೆರಾ ನಡುವಿನ ಭಾಗ ಮಾತ್ರ ಇಟ್ಕೊಳ್ತದೆ. ಹೊಸದೂ 24 ಮೆಗಾಪಿಕ್ಸೆಲ್ ಆದ್ರೆ, ಉಳಿಯೋದು ಸುಮಾರು 10.

ಭಾವ: ದುಡ್ಡು ಕೊಟ್ಟು 14 ಕಳ್ಕೊಳ್ಳೋದಾ!

(ಮೌನ. ಗಣಿತ ಗೊತ್ತಾದ ಮೇಲೆ ಮನುಷ್ಯ ಹವ್ಯಾಸದ ಕಡೆ ಓಡುತ್ತಾನೆ.)

ಭಾವ: ಮತ್ತೆ ಶಿರಾ ತಾಲ್ಲೂಕಿನ ಕಗ್ಗಲಡು ಕೊಕ್ಕರೆ ಫೋಟೋ ತೆಗೆಯೋಕೆ?

ಬಾಮೈದ: ಅದಕ್ಕಂತೂ ಸಣ್ಣ ಸೆನ್ಸರೇ ವಾಸಿ. 300 ಎಂಎಂ ಲೆನ್ಸು 450ರಷ್ಟು ಹತ್ತಿರ ತೋರಿಸ್ತದೆ.

ಭಾವ: ಆಯ್ತಪ್ಪ, ಲೆನ್ಸೇ ತರ್ತೀನಿ. ಬೋರ್ಡಿನ ಮೇಲೆ ಮಾತ್ರ ದೊಡ್ಡ ಬಾಡಿ ಬರೆಸ್ತೀನಿ.

(ಮದುವೆ ಬುಕಿಂಗಿಗೆ ಬರುವವರು ದಯವಿಟ್ಟು ಬೋರ್ಡ್ ಬಿಟ್ಟು ಆಲ್ಬಂ ಕೇಳಿ.)