ಅಮಲಿಗೂ ಒಂದು ಡಿನೋಟಿಫಿಕೇಷನ್

ನೂರು ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಗಾಡಿ ಓಡಿಸುವವನಿಗೆ ಕೊಟ್ಟಿರುವ ರಿಯಾಯಿತಿ ಅಷ್ಟೇ. ಮೀರಿದರೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ನಸೀಬು ಕೆಟ್ಟರೆ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000, ಜೈಲು ಎರಡು ವರ್ಷದವರೆಗೆ. 2019ರ ಸೆಪ್ಟೆಂಬರ್‌ಗೆ ಮುಂಚೆ ಮೊದಲ ತಪ್ಪಿನ ದಂಡ ಹೆಚ್ಚೆಂದರೆ 2,000 ಇತ್ತು. ಕಾಂಗ್ರೆಸ್ ಕಡಲೆಬೀಜದ ಜೊತೆ ಅದನ್ನೂ ಬಿಲ್ಲಿಗೆ ಸೇರಿಸಿಕೊಂಡು ಕೂರಬಹುದಿತ್ತು.

ಶನಿವಾರ ರಾತ್ರಿ ಬೆಂಗಳೂರಿನ ಯಾವ ಫ್ಲೈಓವರ್ ಬುಡದಲ್ಲಾದರೂ ನಿಂತು ನೋಡಿ.

"ಊದಿ ಸಾರ್."

"ಬರೀ ಬಿಯರ್ ಸಾರ್, ಲೈಟು."

"ಜೋರಾಗಿ ಊದಿ. ಒಳಗೆ ಎಳ್ಕೋಬೇಡಿ."

ಬಾಯಲ್ಲಿ ಏಲಕ್ಕಿ, ಕಿವಿಗೆ ಆನಿಸಿದ ಫೋನಿನಲ್ಲಿ ಶಾಸಕರ ಷಡ್ಡಕ. ಪಾಪ, ಆ ಯಂತ್ರಕ್ಕೆ ಏಲಕ್ಕಿಯ ಘಮವೂ ತಿಳಿಯದು, ಷಡ್ಡಕನ ವರ್ಚಸ್ಸೂ ತಿಳಿಯದು. ಹಿಂದೆ ಕೂತವನು ಇನ್ನೂ ಎರಡು ಪೆಗ್ ಜಾಸ್ತಿ ಹಾಕಿದ್ದಾನೆ. ಕಾನೂನು ವಾದಿಸುವುದು ಅವನೇ.

ಇಷ್ಟಕ್ಕೂ ಆ ಬಾಟ್ಲಿ ಬಂದದ್ದು ಎಲ್ಲಿಂದ? ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರಿ ಸರ್ಕಾರದ್ದೇ ಪಾನೀಯ ನಿಗಮ. ಚಿಲ್ಲರೆ ಬೇಕೆಂದರೆ ಎಂಎಸ್‌ಐಎಲ್ ಅಂಗಡಿ, ಅದೂ ಸರ್ಕಾರದ್ದೇ. ಗಂಟಲಿಗೆ ಇಳಿಯುವಾಗ ಅಬಕಾರಿ ಸುಂಕ, ಉಸಿರಾಗಿ ಹೊರಬರುವಾಗ ದಂಡ. ಮದ್ಯವನ್ನು ಜಿಎಸ್‌ಟಿಯ ಹೊರಗೆ ಜೋಪಾನವಾಗಿ ಇಟ್ಟುಕೊಂಡವರಿಗೆ ಲೆಕ್ಕ ಹೇಳಿಕೊಡಬೇಕೇ?

ಕುಡುಕನ ಉಸಿರನ್ನು ಮಿಲಿಗ್ರಾಂನಲ್ಲಿ ಅಳೆಯುವ ಇದೇ ವ್ಯವಸ್ಥೆಗೆ ಮೀಟರ್ ಪಟ್ಟಿ ಕಂಡರೆ ಮಾತ್ರ ತಲೆ ಸುತ್ತುತ್ತದೆ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬೇಡಿ ಎಂದಿತು. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಕಂಗಾಲು. ಕೇರಳದ ಒಂದು ಬಾರಂತೂ ಮುಂಬಾಗಿಲಲ್ಲಿ ಬೇಲಿ ಕಟ್ಟಿ, ಗಿರಾಕಿಗಳನ್ನು ಚಕ್ರವ್ಯೂಹದಲ್ಲಿ ನಡೆಸಿ ದೂರ ಹೆಚ್ಚಿಸಿಕೊಂಡಿತು. ಒಳಗೆ ಹೋಗುವ ವಿದ್ಯೆ ಅಭಿಮನ್ಯುವಿಗೂ ಗೊತ್ತಿತ್ತು. ಕುಡಿದ ಮೇಲೆ ಹೊರಗೆ ಬಂದವರೇ ನಿಜವಾದ ವೀರರು. ಸರ್ಕಾರಗಳು ಇಷ್ಟೆಲ್ಲ ಬೆವರು ಸುರಿಸಲಿಲ್ಲ. ಬಾರು ಇದ್ದಲ್ಲೇ ಇತ್ತು, ಹೆದ್ದಾರಿಯ ಹೆಸರನ್ನೇ ಕಿತ್ತುಹಾಕಿದವು. ಡಿನೋಟಿಫಿಕೇಷನ್ ಕಲೆಯಲ್ಲಿ ನಮ್ಮ ವಿಧಾನಸೌಧಕ್ಕೆ ಬೇರೆಯವರು ಪಾಠ ಹೇಳಬೇಕಿರಲಿಲ್ಲ. ನಗರದೊಳಗಿನ ರಸ್ತೆಗೆ ಹಾಗೆ ಮಾಡಿದರೆ ತಪ್ಪಿಲ್ಲ ಎಂದು 2017ರಲ್ಲಿ ಕೋರ್ಟೂ ಒಪ್ಪಿತು.

ಕುಡುಕನಿಗೆ ಹೊಳೆಯದಿರುವುದು ಇದೊಂದೇ. ಹಗಲೇ ಅರ್ಜಿ ಗುಜರಾಯಿಸಿ, ತನ್ನ ಬುಲೆಟ್ಟನ್ನು ರಾತ್ರಿ ಹತ್ತರ ಮೇಲೆ ತಳ್ಳುಗಾಡಿ ಎಂದು ಗೆಜೆಟ್‌ನಲ್ಲಿ ಹಾಕಿಸಿಕೊಂಡರೆ, ಹಿಡಿಯುವವರು ಯಾರು?