ಆಫೀಸಿಗೆ ಮರಳುವ ವಿಧಾನ: ಬೆಂಗಳೂರು ಐಟಿ ನೌಕರರ ಕೈಪಿಡಿ

ಅಭಿನಂದನೆಗಳು. ನಿಮ್ಮ ಹಳೆಯ ಆಫೀಸು ಹೊಸ ನಿಯಮಗಳೊಂದಿಗೆ ನಿಮಗೆ ಮರಳಿ ದೊರೆತಿದೆ. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದಿ ಮುಗಿಸುವಷ್ಟರಲ್ಲಿ ನಿಯಮ ಬದಲಾಗಿದ್ದರೆ ಮತ್ತೆ ಮೊದಲಿನಿಂದ ಓದಿ.

ಉತ್ಪನ್ನದ ಹಿನ್ನೆಲೆ

ಮನೆಯಿಂದ ಕೆಲಸವೇ, ಅದು ಆಗದ ಮಾತು ಎನ್ನುತ್ತಿದ್ದ ಕಂಪನಿಗಳು 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದದ್ದೇ ತಡ, ಕ್ಯಾಬ್ ಮಾಡಿ ಕಂಪ್ಯೂಟರುಗಳನ್ನು ನೌಕರರ ಮನೆಬಾಗಿಲಿಗೆ ಇಳಿಸಿದವು. ಟಿಸಿಎಸ್ ಅದೇ ವರ್ಷ ಒಂದು ಗುರಿ ಸಾರಿತು: 2025ರ ಹೊತ್ತಿಗೆ ನೂರಕ್ಕೆ 25 ಮಂದಿ ಆಫೀಸಿನಲ್ಲಿದ್ದರೆ ಸಾಕು. 2023ರ ಅಕ್ಟೋಬರ್‌ನಲ್ಲಿ ಅದೇ ಕಂಪನಿ ವಾರಕ್ಕೆ ಐದು ದಿನ ಬನ್ನಿ ಎಂದಿತು. ಇನ್ಫೋಸಿಸ್ 2025ರ ಮಾರ್ಚ್‌ನಿಂದ ತನ್ನ ಬಹುಪಾಲು ಎಂಜಿನಿಯರುಗಳಿಗೆ ತಿಂಗಳಿಗೆ ಕನಿಷ್ಠ 10 ದಿನ ಎಂದು ಗೊತ್ತುಮಾಡಿತು. ಇದರಲ್ಲಿ ನಿಮಗೆ ಏನಾದರೂ ವಿರೋಧಾಭಾಸ ಕಂಡರೆ ನೀವಿನ್ನೂ ಹೊಂದಿಕೊಂಡಿಲ್ಲ ಎಂದೇ ಲೆಕ್ಕ. ಆಗ ಮನೆಯಲ್ಲಿ ಕೂತು ಕೆಲಸ ಮಾಡಿದವರು ಕಂಪನಿ ಉಳಿಸಿದವರು, ಈಗ ಮನೆಯಲ್ಲಿ ಕೂತವರು ಮೈಗಳ್ಳರು. ಕುರ್ಚಿ ಅದೇ, ಕೂತವನೂ ಅವನೇ.

ಬಿಡಿಸುವುದು, ಜೋಡಿಸುವುದು

ಮೊದಲು ನಿಮ್ಮನ್ನು ಊರಿನಿಂದ ಬಿಡಿಸಿಕೊಳ್ಳಿ. ನೆಟ್‌ವರ್ಕ್ ಸಿಗಲೆಂದು ಗುಡ್ಡ ಹತ್ತಿ, ಟಾರ್ಪಾಲಿನ ಕೆಳಗೆ ಕೂತು, ಜಿಗಣೆ ಕೀಳುತ್ತಾ ಅಮೆರಿಕದ ಕ್ಲೈಂಟಿಗೆ ಉತ್ತರ ಕೊಟ್ಟ ಮಲೆನಾಡಿನ ಮಳೆಗಾಲಗಳು ಮುಗಿದವು. ಮನೆಯವರಿಗೆ ಹೇಳುವಾಗ ಮಾತು ಸರಳವಾಗಿರಲಿ. “ಎಂತದೋ, ಕೆಲಸ ಹೋಯ್ತಾ? ಇಲ್ಲೇ ಇದ್ದೀಯಲ್ಲ” ಎಂದು ಅಂದು ಆತಂಕಪಟ್ಟಿದ್ದ ಅಮ್ಮ ಈಗ “ಇಲ್ಲೇ ಚೆನ್ನಾಗಿ ನಡೀತಿತ್ತಲ್ಲೋ, ಅಲ್ಲಿಗೆ ಹೋಗಿ ಎಂತ ಮಾಡ್ತೀಯ?” ಎನ್ನುತ್ತಾರೆ. ಎಚ್‌ಆರ್ ಕಳಿಸಿದ ಮೇಲ್‌ನಲ್ಲಿ ಕೊಟ್ಟ ಉತ್ತರವನ್ನೇ ಕೊಡಿ: ಕೊಲ್ಯಾಬರೇಷನ್. “ಅದು ಹೊಸ ಕಂಪನಿಯಾ?” ಎಂದು ಕೇಳಿದರೆ ಹೌದು ಎಂದುಬಿಡಿ.

ಆಮೇಲೆ ಬೆಂಗಳೂರಿನಲ್ಲಿ ಮನೆ. 2020ರಲ್ಲಿ ‘ಟು-ಲೆಟ್’ ಬೋರ್ಡು ನೇತುಹಾಕಿ ದಾರಿ ಕಾಯುತ್ತಿದ್ದ ಓನರ್‌ಗಳು ಈಗ ನಿಮ್ಮ ಲಿಂಕ್ಡ್‌ಇನ್ ನೋಡಿಯೇ ಮಾತಿಗೆ ಕೂರುತ್ತಾರೆ. ಕೆಲಸಕ್ಕೆ ಸೇರುವಾಗ ಕೊಟ್ಟದ್ದಕ್ಕಿಂತ ಕಠಿಣವಾದ ಇಂಟರ್‌ವ್ಯೂ ಇದು. ಅಡ್ವಾನ್ಸ್ ಎಷ್ಟೆಂದು ಕೇಳುವ ಮುನ್ನ ಕೂತುಕೊಳ್ಳಿ.

ಸಾಗಣೆ

ಉತ್ಪನ್ನವನ್ನು ನೀರಿನಿಂದ ದೂರವಿಡಿ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಹೊರ ವರ್ತುಲ ರಸ್ತೆಯ ಬಳಕೆದಾರರಿಗೆ ಆ ಭರವಸೆ ಕೊಡಲಾಗದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಐಟಿ ಕಾರಿಡಾರ್ ಮುಳುಗಿ, ಎಂಜಿನಿಯರುಗಳು ಟ್ರ್ಯಾಕ್ಟರ್ ಏರಿ ಆಫೀಸು ತಲುಪಿದರು. ಹೊಲ ಬೇಡ, ಟ್ರ್ಯಾಕ್ಟರ್ ಬೇಡ ಎಂದು ಓದಿ ಪಟ್ಟಣ ಸೇರಿದ ಹುಡುಗರೂ ಅದರಲ್ಲಿ ಇದ್ದಿರಬೇಕು. ಟ್ರ್ಯಾಕ್ಟರ್ ಅವರನ್ನು ಹುಡುಕಿಕೊಂಡು ಯಮಲೂರಿಗೇ ಬಂತು.

ಮೆಟ್ರೋ ಇದೆ. ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಸುಮಾರು ಎರಡು ಕಿಲೋಮೀಟರ್ 2023ರ ಅಕ್ಟೋಬರ್‌ನಲ್ಲಿ ಜೋಡಣೆಯಾದ ಮೇಲೆ ವೈಟ್‌ಫೀಲ್ಡ್‌ನವರು ಬದುಕಿಕೊಂಡರು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಒಂದು ತಪ್ಪಿದರೆ ಪ್ಲಾಟ್‌ಫಾರ್ಮಿನಲ್ಲೇ ಲ್ಯಾಪ್‌ಟಾಪ್ ತೆರೆದು ಕೂತು ಮೀಟಿಂಗಿಗೆ ಸೇರಿಕೊಳ್ಳಬಹುದಿತ್ತು. ಅತ್ತ ಮನೆಯೂ ಅಲ್ಲ, ಇತ್ತ ಆಫೀಸೂ ಅಲ್ಲ. ಹೈಬ್ರಿಡ್ ಎಂದು ಅವರು ಹೇಳುತ್ತಿದ್ದದ್ದು ಇದನ್ನೇ ಇರಬೇಕು.

ಬಳಸುವ ಕ್ರಮ

ಗೇಟಿನಲ್ಲಿ ಕಾರ್ಡ್ ಸ್ವೈಪ್ ಮಾಡಿ. ಅಸಲು ಕೆಲಸ ಇಲ್ಲಿಗೆ ಮುಗಿಯಿತು, ಲೆಕ್ಕಕ್ಕೆ ಹೋಗುವುದು ಇದೊಂದೇ. ಮುಂದಿನದು ಸಂಬಳಕ್ಕಾಗಿ.

ನಿಮ್ಮ ಸೀಟು ಎಂಬುದು ಈಗಿಲ್ಲ. ಪುಟ್ಟ ಗಣಪತಿ, ಮಗಳ ಫೋಟೊ, ನೀರು ಹಾಕದಿದ್ದರೂ ಬದುಕುವ ಗಿಡ ಇಟ್ಟಿದ್ದಿರಲ್ಲ, ಆ ಜಾಗವನ್ನು ಹಿಂದಿನ ದಿನವೇ ಆ್ಯಪ್‌ನಲ್ಲಿ ಬೇರೆ ಯಾರೋ ಬುಕ್ ಮಾಡಿದ್ದಾರೆ. ಸಿಕ್ಕಿದಲ್ಲಿ ಕೂತು ಹೆಡ್‌ಫೋನ್ ಹಾಕಿಕೊಳ್ಳಿ. ನಿಮ್ಮ ತಂಡದ ಇಬ್ಬರು ಪುಣೆಯಲ್ಲಿ, ಒಬ್ಬಳು ನೋಯ್ಡಾದಲ್ಲಿ, ಮೇಲಧಿಕಾರಿ ಟೆಕ್ಸಸ್‌ನಲ್ಲಿ. ಉಳಿದ ಒಬ್ಬ ನಿಮ್ಮ ಪಕ್ಕದಲ್ಲೇ ಇದ್ದಾನೆ. ಇಬ್ಬರೂ ಒಂದೇ ಮೀಟಿಂಗಿನಲ್ಲಿ ಮಾತಾಡಿದರೆ ಧ್ವನಿ ಪ್ರತಿಧ್ವನಿಸುತ್ತದೆ, ಆದ್ದರಿಂದ ಒಬ್ಬರು ಎದ್ದು ಕಾರಿಡಾರಿಗೆ ಹೋಗಿ. ಮುಖಾಮುಖಿ ಮಾತಾಡಲೆಂದು ಎರಡು ಗಂಟೆ ಪ್ರಯಾಣ ಮಾಡಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಟು ಸದ್ಯಕ್ಕೆ ಇಲ್ಲ.

ಒಂದು ಮಾತು ಮಾತ್ರ ತಮಾಷೆಯಲ್ಲ. 2020, 21ರಲ್ಲಿ ಕಾಲೇಜಿನಿಂದ ನೇರ ಮನೆಯ ಮಂಚಕ್ಕೆ, ಮಂಚದಿಂದ ಲಾಗಿನ್‌ಗೆ ಬಂದ ಹುಡುಗರು ಸೀನಿಯರುಗಳನ್ನು ನೋಡಿದ್ದು ಪರದೆಯ ಚೌಕದಲ್ಲಿ. ಕೋಡ್ ಎಲ್ಲಿ ತಪ್ಪಿದೆ ಎಂದು ಕೇಳಲು ಮೆಸೇಜ್ ಟೈಪ್ ಮಾಡಿ, ಅಳಿಸಿ, ಸುಮ್ಮನಾದವರು ಅವರು. ಪಕ್ಕದ ಕುರ್ಚಿಯವರನ್ನು “ಸರ್, ಒಂದ್ನಿಮಿಷ” ಎಂದು ಕರೆಯುವ ಭಾಗ್ಯ ಅವರಿಗೆ ಸಿಗಬೇಕಿತ್ತು. ಆಫೀಸಿನ ಪರವಾಗಿ ನನಗೆ ಹೊಳೆಯುವ ಗಟ್ಟಿ ವಾದ ಇದೊಂದೇ. ಎಚ್‌ಆರ್ ಮೇಲ್‌ಗಳಲ್ಲಿ ಇದನ್ನು ಬಿಟ್ಟು ಉಳಿದೆಲ್ಲ ಇರುತ್ತದೆ.

ಯಾರಿಗೆ ಅನ್ವಯಿಸದು

ಕಕ್ಕಸು ತೊಳೆಯುವ ಹೌಸ್‌ಕೀಪಿಂಗ್ ಹೆಂಗಸರು, ಗೇಟಿನ ಸೆಕ್ಯುರಿಟಿಯವರು, ಕ್ಯಾಂಟೀನಿನ ಹುಡುಗರು ಈ ಕೈಪಿಡಿ ಓದಬೇಕಿಲ್ಲ. ಮನೆಯಿಂದ ಮಾಡುವ ಆಯ್ಕೆ ಅವರ ಮುಂದೆ ಬರಲೇ ಇಲ್ಲ. ಆಫೀಸು ಮುಚ್ಚಿದಾಗ ಎಷ್ಟೋ ಕ್ಯಾಬ್ ಚಾಲಕರು ಇಎಂಐ ಕಟ್ಟಲಾಗದೆ ಕಾರನ್ನೇ ಕಳೆದುಕೊಂಡರು. ಬದಲಾವಣೆಗೆ ಸೊಗಸಾಗಿ ಹೊಂದಿಕೊಳ್ಳುವುದು ಹೇಗೆಂದು ಅವರಿಗೆ ಯಾರೂ ವೆಬಿನಾರ್ ನಡೆಸಲಿಲ್ಲ.

ಮ್ಯಾನೇಜರುಗಳಿಗೆ ಅನುಬಂಧ

ಮೇಲಿನದೆಲ್ಲ ನಿಮಗೂ ಅನ್ವಯ. ಜತೆಗೆ, ನಿಮಗೇ ನಂಬಿಕೆಯಿಲ್ಲದ ಆ ಮೇಲ್ ಅನ್ನು ತಂಡಕ್ಕೆ ಕಳಿಸಬೇಕಾದವರೂ ನೀವೇ. ಹಾಜರಾತಿ ಪಟ್ಟಿಯಲ್ಲಿ ಹೆಸರು ಕೆಂಪಾದವರಿಗೆ ಕಾಲ್ ಮಾಡಿ ತಿಳಿಹೇಳಿ. ಹಾಗೆ ತಿಳಿಹೇಳುವಾಗ ನೀವು ಹುಬ್ಬಳ್ಳಿಯ ಮನೆಯಲ್ಲಿದ್ದರೆ, ಹಿನ್ನೆಲೆಗೆ ಆಫೀಸಿನ ಫೋಟೊ ಹಾಕಿಕೊಳ್ಳಿ. ಕುಕ್ಕರ್ ಎರಡನೇ ಸಲ ಕೂಗುವ ಮುನ್ನ ಮ್ಯೂಟ್ ಒತ್ತಿ.