ಕಾರಣಿಕ ನುಡಿದವರು

ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿ, ಒಂದೇ ಮಾತಿನ ಕಾರಣಿಕ ನುಡಿದು ಧುಮುಕುತ್ತಾನೆ. ಅದರ ಅರ್ಥ ಬಿಡಿಸುವ ಕೆಲಸ ರೋಣ, ನರಗುಂದ, ಗಜೇಂದ್ರಗಡದ ಚಹಾದಂಗಡಿಗಳದ್ದು. ಗಿರಮಿಟ್ಟು ತಿನ್ನುವವರಿಗೆ ಅದರಲ್ಲಿ ಮಳೆ ಕಾಣುತ್ತದೆ, ಚಹಾ ಕುಡಿಯುವವರಿಗೆ ಮಂತ್ರಿಮಂಡಲ. ಮಿರ್ಚಿ ತಿನ್ನುವವನು ಮಾತ್ರ ಯಾವುದಕ್ಕೂ ಬಾಯಿ ಹಾಕುವುದಿಲ್ಲ. ಅದು ಆಗಲೇ ಉರಿಯುತ್ತಿರುತ್ತದೆ.

ಪೋಲೆಂಡಿನವರು ನಾಡಿನ ನಾಳೆಯನ್ನು ನುಡಿಯುವ ಈ ಕಾರಣಿಕದ ಕೆಲಸವನ್ನು ಕವಿಗಳಿಗೆ, ಚಿತ್ರಕಾರರಿಗೆ ವಹಿಸಿದ್ದರು. 1795ರ ಹೊತ್ತಿಗೆ ರಷ್ಯಾ, ಪ್ರಶ್ಯಾ, ಆಸ್ಟ್ರಿಯಾ ಸೇರಿ ಆ ನಾಡನ್ನು ಪೂರ್ತಿ ಹಂಚಿಕೊಂಡಿದ್ದವು. ನಕಾಶೆಯಲ್ಲಿ ಇಲ್ಲದ ನಾಡನ್ನು ಕವಿ ಮಿಕಿಯೆವಿಚ್ ಪ್ಯಾರಿಸ್ಸಿನಲ್ಲಿ ಕೂತು ಕಾವ್ಯದಲ್ಲಿ ಉಳಿಸಿದ. ಚಿತ್ರಕಾರ ಮಾತೆಯ್ಕೊ ಹಳೆಯ ರಾಜರನ್ನೂ ಕದನಗಳನ್ನೂ ಗೋಡೆಯಗಲದ ಕ್ಯಾನ್ವಾಸಿನ ಮೇಲೆ ಎಬ್ಬಿಸಿ ನಿಲ್ಲಿಸಿದ. 1890ರಲ್ಲಿ ಮಿಕಿಯೆವಿಚ್‌ನ ಅಸ್ಥಿಯನ್ನು ತಂದು ಕ್ರಾಕೋದಲ್ಲಿ ರಾಜರ ಸಮಾಧಿಗಳ ಜೊತೆಗೇ ಇಟ್ಟರು. ನಾಡು ಮರಳಿ ಬಂದದ್ದು 1918ರಲ್ಲಿ.

ನಮ್ಮದೂ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋದ ನಾಡೇ. ಇಲ್ಲಿ ಕಾರಣಿಕ ನುಡಿದವರಿಗೆ ಹೊಟ್ಟೆಪಾಡಿಗೆ ಬೇರೆ ಉದ್ಯೋಗವಿತ್ತು. ಗದಗಿನ ಹುಯಿಲಗೋಳ ನಾರಾಯಣರಾಯರು ವಕೀಲರು. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಕನ್ನಡ ನಾಡು ಉದಯವಾಗಲಿ ಎಂಬ ಅವರ ಗೀತೆ ಮೊಳಗಿತು. ಕೋರ್ಟಿನ ದಾವೆಗಳ ಮಾತು ಹಾಗಿರಲಿ, ಈ ದಾವೆಯ ತೀರ್ಪಿಗೆ ಮಾತ್ರ ಅವರು 1956ರ ಏಕೀಕರಣದ ತನಕ, 32 ವರ್ಷ ಕಾಯಬೇಕಾಯಿತು.

ಚಿತ್ರದ ಕಥೆಯಂತೂ ರೋಣದ ಸೀಮೆಯದೇ. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಏಕೀಕರಣಕ್ಕಾಗಿ ಜೀವ ತೇದವರು. 1953ರಲ್ಲಿ ಗದಗಿನ ಸಿ.ಎನ್. ಪಾಟೀಲರಿಂದ ಅವರು ಭುವನೇಶ್ವರಿಯ ಚಿತ್ರ ಬರೆಸಿದರು. ರೋಣ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ಕನ್ನಡಿಗರ ರಾಜ್ಯ ಒಂದಾಗುವ ಮೊದಲೇ ಅದರ ತಾಯಿ ಜಕ್ಕಲಿಗೆ ಬಂದಿದ್ದಳು. ತಾಯಿ ಮೊದಲು, ಕೂಸು ಆಮೇಲೆ. ಕ್ರಮ ಸರಿಯಾಗಿಯೇ ಇದೆ.

ಕ್ರಾಕೋದಲ್ಲಿ ಮಾತೆಯ್ಕೊನ ಮನೆ ಇಂದು ಮ್ಯೂಸಿಯಂ. ನಮ್ಮಲ್ಲಿ ರಾಜ್ಯೋತ್ಸವದ ದಿನ ಭುವನೇಶ್ವರಿಗೆ ಹಾರ ಹಾಕಿ, ಡಿಜೆ ಹಚ್ಚಿ ಕುಣಿಯುವವರನ್ನು ಈ ಪಾಟೀಲರು ಗೊತ್ತೇ ಎಂದು ಕೇಳಿ ನೋಡಿ: “ಯಾವ ಪಾಟೀಲ್ರೀ? ಅರ್ಧ ಊರs ಪಾಟೀಲರದೈತಿ!” ಬರುವ ನವೆಂಬರ್ 1ರಂದು ವೇದಿಕೆಯ ಮೇಲೆ ಹುಯಿಲಗೋಳರ ಹೆಸರಿನ ಜೊತೆ ಸಿ.ಎನ್. ಪಾಟೀಲರ ಹೆಸರನ್ನೂ ಒಮ್ಮೆ ಹೇಳಿಸಿರಿ. ಅದಕ್ಕೆ ಡಿಜೆ ಬೇಕಿಲ್ಲ.